ಚಾರ್ಲ್ಸ್ ಬ್ರಾಡ್ಲಿ (ವೈದ್ಯ)

ಡಾ. ಚಾರ್ಲ್ಸ್ ಬ್ರಾಡ್ಲಿ (1902–1979) ಅಮೆರಿಕದ ಮಕ್ಕಳ ವೈದ್ಯರು ಹಾಗೂ ಮಕ್ಕಳ ಮನೋವೈದ್ಯಶಾಸ್ತ್ರದ ಮೊದಲ ತಲೆಮಾರಿನ ಸಂಶೋಧಕರು. ಒಂದೆಡೆ ಕುಳಿತುಕೊಳ್ಳಲಾರದ, ಪಾಠದಲ್ಲಿ ಗಮನವಿಡಲಾರದ, ಮುಂದಾಲೋಚನೆಯಿಲ್ಲದೆ ಕೈಕಾಲು ಆಡಿಸುವ ಮಕ್ಕಳಿಗೆ ಔಷಧದಿಂದ ಉಪಯೋಗವಾಗಬಹುದೆಂದು 1937ರಲ್ಲಿ ಮೊದಲ ಬಾರಿಗೆ ದಾಖಲಿಸಿದವರು ಇವರು. ಇಂದು ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ (ಎಡಿಎಚ್‌ಡಿ) ಎಂದು ಕರೆಯಲಾಗುವ ಸ್ಥಿತಿಗೆ ಆ ಕಾಲದಲ್ಲಿ ಒಂದು ನಿಶ್ಚಿತ ಹೆಸರೂ ಇರಲಿಲ್ಲ. ಈ ಸಂಶೋಧನೆಯು ಬೇರೊಂದು ತೊಂದರೆಗೆ ಪರಿಹಾರ ಹುಡುಕುವಾಗ ಆಕಸ್ಮಿಕವಾಗಿ ಕೈಗೆ ಬಂದುದು. ಪ್ರಕಟವಾದ ಮೇಲೆ ಸುಮಾರು ಎರಡು ದಶಕಗಳ ಕಾಲ ವೈದ್ಯಲೋಕವು ಇದನ್ನು ಹೆಚ್ಚಾಗಿ ಗಮನಿಸಲಿಲ್ಲ.

ಹಿನ್ನೆಲೆ: ಎಮ್ಮಾ ಬ್ರಾಡ್ಲಿ ಮತ್ತು ಒಂದು ಉಯಿಲು

ಚಾರ್ಲ್ಸ್ ಬ್ರಾಡ್ಲಿ ಅವರ ಕೆಲಸವನ್ನು ಅರಿಯಬೇಕಾದರೆ ಅವರು ಹುಟ್ಟುವುದಕ್ಕಿಂತ ಮೊದಲೇ ನಡೆದ ಒಂದು ಕುಟುಂಬದ ದುರಂತವನ್ನು ತಿಳಿಯಬೇಕು. ಜಾರ್ಜ್ ಲೋಥ್ರಾಪ್ ಬ್ರಾಡ್ಲಿ ಎಂಬವರು ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಸಿರಿವಂತರು. ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಟೆಲಿಫೋನ್ ಉದ್ಯಮದಲ್ಲಿ ಆರಂಭದ ದಿನಗಳಲ್ಲಿಯೇ ಹಣ ತೊಡಗಿಸಿ ಸಂಪತ್ತು ಗಳಿಸಿದ್ದರು. ಅವರಿಗೂ ಪತ್ನಿ ಹೆಲೆನ್ ಅವರಿಗೂ ಇದ್ದುದು ಒಬ್ಬಳೇ ಮಗಳು, ಎಮ್ಮಾ ಪೆಂಡಲ್‌ಟನ್ ಬ್ರಾಡ್ಲಿ. ಅಲ್ಲಿಯವರೆಗೆ ಆರೋಗ್ಯವಾಗಿಯೇ ಬೆಳೆದಿದ್ದ ಎಮ್ಮಾಳಿಗೆ ಏಳನೆಯ ವಯಸ್ಸಿನಲ್ಲಿ ಮಿದುಳಿನ ಉರಿಯೂತ, ಅಂದರೆ ನಮ್ಮ ಕಡೆ ಮೆದುಳು ಜ್ವರ ಎಂದು ಕರೆಯುವಂಥ ಕಾಯಿಲೆ, ತಗುಲಿತು. ಜೀವ ಉಳಿಯಿತಾದರೂ ಬುದ್ಧಿಯ ಬೆಳವಣಿಗೆ ಕುಂಠಿತವಾಯಿತು. ಅಪಸ್ಮಾರ ಹಾಗೂ ಅಂಗಗಳ ಮೇಲಿನ ಹಿಡಿತದ ಕೊರತೆ ಜೀವನಪರ್ಯಂತ ಕಾಡಿದವು. ತಂದೆತಾಯಿಗಳು ಹಲವು ವೈದ್ಯರನ್ನು ಕಂಡರು. ಹಣಕ್ಕೆ ಕೊರತೆಯಿರಲಿಲ್ಲ. ಆದರೆ ಇಂಥ ಮಗುವನ್ನು ಇರಿಸಿಕೊಂಡು ಚಿಕಿತ್ಸೆ ನೀಡುವ ಒಂದು ಸ್ಥಳವೂ ಆ ದೇಶದಲ್ಲಿ ಇರಲಿಲ್ಲ. ಮನೆಯಲ್ಲಿಯೇ ಸಾಕಿದರು.

ಜಾರ್ಜ್ ಬ್ರಾಡ್ಲಿ 1906ರಲ್ಲಿ ತೀರಿಕೊಂಡರು. ತಮ್ಮ ಮತ್ತು ಪತ್ನಿಯ ಕಾಲಾನಂತರ ಆಸ್ತಿಯನ್ನು ನರಸಂಬಂಧಿ ಹಾಗೂ ಮಾನಸಿಕ ತೊಂದರೆಗಳಿರುವ ಮಕ್ಕಳ ಆರೈಕೆಗೆ ವಿನಿಯೋಗಿಸಬೇಕೆಂದು ಉಯಿಲಿನಲ್ಲಿ ಬರೆದಿಟ್ಟಿದ್ದರು. ತಮ್ಮ ಏಕೈಕ ಸಂತಾನಕ್ಕೆ ಒದಗಿದ ಕಷ್ಟದಿಂದಲೇ ಈ ಸಂಕಲ್ಪ ಹುಟ್ಟಿತೆಂದು ಆ ಪತ್ರದಲ್ಲಿ ಅವರು ಸ್ಪಷ್ಟಪಡಿಸಿದ್ದಾರೆ. ಮಗಳ ಹೆಸರಿನಲ್ಲಿಯೇ ಎಮ್ಮಾ ಪೆಂಡಲ್‌ಟನ್ ಬ್ರಾಡ್ಲಿ ಹೋಮ್ 1931ರಲ್ಲಿ ಈಸ್ಟ್ ಪ್ರಾವಿಡೆನ್ಸ್ ಪಟ್ಟಣದಲ್ಲಿ ಆರಂಭವಾಯಿತು. ಮಕ್ಕಳಿಗಾಗಿಯೇ ಮೀಸಲಾದ ಅಮೆರಿಕದ ಮೊದಲ ಮನೋವೈದ್ಯಕೀಯ ಆಸ್ಪತ್ರೆ ಇದು. ಇದು ತೆರೆಯುವ ವೇಳೆಗೆ ಎಮ್ಮಾ ತೀರಿಕೊಂಡು ಎರಡು ದಶಕಗಳೇ ಕಳೆದಿದ್ದವು.

ಜನನ ಮತ್ತು ಶಿಕ್ಷಣ

ಚಾರ್ಲ್ಸ್ ಬ್ರಾಡ್ಲಿ 1902ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್ ನಗರದಲ್ಲಿ ಜನಿಸಿದರು. ಉಯಿಲು ಬರೆದ ಜಾರ್ಜ್ ಬ್ರಾಡ್ಲಿ ಇವರಿಗೆ ಅಜ್ಜನ ತಲೆಮಾರಿನ ಬಂಧು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, 1928ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯಿಂದ ವೈದ್ಯರಾಗಿ ಹೊರಬಂದರು. ಅನಂತರ ಮಕ್ಕಳ ವೈದ್ಯಶಾಸ್ತ್ರದಲ್ಲಿ ತರಬೇತಿ ಪಡೆದರು. ಮನೋವೈದ್ಯರಾಗಿ ಅವರಿಗೆ ಔಪಚಾರಿಕ ಶಿಕ್ಷಣ ದೊರೆತಿರಲಿಲ್ಲ. ಮಕ್ಕಳ ಮನೋವೈದ್ಯಶಾಸ್ತ್ರವೆಂಬ ಶಾಖೆಯೇ ಆಗ ಸರಿಯಾಗಿ ರೂಪುಗೊಂಡಿರಲಿಲ್ಲ.

ಅವರು ಹುಟ್ಟಿದ ವರ್ಷವೇ ಲಂಡನ್ನಿನಲ್ಲಿ ಜಾರ್ಜ್ ಫ್ರೆಡರಿಕ್ ಸ್ಟಿಲ್ ಎಂಬ ಮಕ್ಕಳ ವೈದ್ಯರು ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್‌ನಲ್ಲಿ ನೀಡಿದ ಉಪನ್ಯಾಸಮಾಲೆಯಲ್ಲಿ, ಬುದ್ಧಿಯಲ್ಲಿ ಕೊರತೆಯಿಲ್ಲದಿದ್ದರೂ ತಮ್ಮ ನಡತೆಯನ್ನು ಹಿಡಿತದಲ್ಲಿಟ್ಟುಕೊಳ್ಳಲಾರದ ಮಕ್ಕಳ ವಿವರಗಳನ್ನು ಮಂಡಿಸಿದ್ದರು. ಇದು ಶಿಸ್ತಿನ ಅಭಾವವೋ, ತಂದೆತಾಯಿಗಳ ಅಲಕ್ಷ್ಯವೋ ಅಲ್ಲ, ದೇಹದೊಳಗಿನ ಕಾರಣವಿರಬೇಕು ಎಂಬುದು ಸ್ಟಿಲ್ ಅವರ ತರ್ಕ. ಅದಕ್ಕೆ ಮದ್ದು ಮಾತ್ರ ಅವರ ಬಳಿ ಇರಲಿಲ್ಲ.

ಬ್ರಾಡ್ಲಿ ಹೋಮ್‌ನಲ್ಲಿ

1930ರ ದಶಕದ ಆರಂಭದಲ್ಲಿ ಚಾರ್ಲ್ಸ್ ಬ್ರಾಡ್ಲಿ ಈ ಸಂಸ್ಥೆಯನ್ನು ಸೇರಿ, ಬೇಗನೆ ಅದರ ವೈದ್ಯಕೀಯ ನಿರ್ದೇಶಕರಾದರು. ಅಲ್ಲಿದ್ದ ಮಕ್ಕಳು ಒಂದೇ ಬಗೆಯವರಲ್ಲ. ಅಪಸ್ಮಾರದವರಿದ್ದರು, ಮಿದುಳಿನ ಉರಿಯೂತದಿಂದ ಬದುಕಿ ಉಳಿದವರಿದ್ದರು, ತೀವ್ರವಾಗಿ ಅಂತರ್ಮುಖಿಗಳಾದವರಿದ್ದರು. ಯಾವ ಕಾಯಿಲೆಯ ಗುರುತೂ ಇಲ್ಲದೆ ಶಾಲೆಯಲ್ಲಿ ನಿಲ್ಲಲಾರದೆ ಬಂದವರೂ ಇದ್ದರು. ಈ ಕೊನೆಯ ಗುಂಪಿನ ಮಕ್ಕಳು ಬುದ್ಧಿವಂತರು, ಆದರೆ ಓದು ಹತ್ತುತ್ತಿರಲಿಲ್ಲ.

ಆಸ್ಪತ್ರೆಯ ಸ್ವರೂಪವೇ ಮುಂದಿನ ಸಂಶೋಧನೆಗೆ ಅನುಕೂಲವಾಯಿತು. ಮಕ್ಕಳು ಅಲ್ಲಿಯೇ ವಾಸವಿದ್ದರು. ಆವರಣದೊಳಗೆ ಶಾಲೆಯಿತ್ತು, ಪ್ರತಿದಿನ ತರಗತಿಗಳು ನಡೆಯುತ್ತಿದ್ದವು. ದಾದಿಯರು, ಶಿಕ್ಷಕರು, ಮನಃಶಾಸ್ತ್ರಜ್ಞರು ಮಗುವಿನ ಊಟ, ನಿದ್ರೆ, ಆಟ, ಪಾಠ, ಜಗಳಗಳನ್ನು ಗಮನಿಸಿ ಬರೆದಿಡುತ್ತಿದ್ದರು. ಹೊರರೋಗಿ ವಿಭಾಗದಲ್ಲಿ ಹತ್ತು ನಿಮಿಷ ಮಗುವನ್ನು ಕಾಣುವ ವೈದ್ಯರಿಗೆ ಇಂಥ ವಿವರ ದೊರಕುವುದಿಲ್ಲ. ಮೇಜಿನ ಮುಂದೆ ಅಪರಿಚಿತ ವೈದ್ಯರೆದುರು ಗಂಭೀರವಾಗಿ ಕುಳಿತ ಮಗು ತರಗತಿಯಲ್ಲಿ ಬೇರೆಯೇ ಆಗಿರಬಹುದೆಂಬುದು ಪಾಠ ಹೇಳಿದ ಎಲ್ಲರಿಗೂ ಗೊತ್ತಿರುವ ಸಂಗತಿ.

ಮಿದುಳಿನ ವಿದ್ಯುತ್ ಅಲೆಗಳ ಅಧ್ಯಯನಕ್ಕೂ ಬ್ರಾಡ್ಲಿ ಹೋಮ್ ಆರಂಭದ ನೆಲೆಯಾಯಿತು. ಹರ್ಬರ್ಟ್ ಜಾಸ್ಪರ್ ಎಂಬ ಯುವ ವಿಜ್ಞಾನಿ ಅಲ್ಲಿ ಇಇಜಿ ಪ್ರಯೋಗಾಲಯ ನಡೆಸುತ್ತಿದ್ದರು. 1935ರಲ್ಲಿ ಜಾಸ್ಪರ್ ಹಾಗೂ ಕಾರ್ಮೈಕಲ್ ಪ್ರಕಟಿಸಿದ ಲೇಖನವು ಮನುಷ್ಯರ ಇಇಜಿಯ ಬಗ್ಗೆ ಅಮೆರಿಕದಿಂದ ಬಂದ ಮೊದಲ ವರದಿಗಳಲ್ಲೊಂದು. ವರ್ತನೆಯ ತೊಂದರೆಯಿರುವ ಮಕ್ಕಳ ಮಿದುಳಿನ ಅಲೆಗಳನ್ನು ಕುರಿತು ಬ್ರಾಡ್ಲಿ ಮತ್ತು ಜಾಸ್ಪರ್ 1938ರಲ್ಲಿ ಜೊತೆಯಾಗಿ ಬರೆದರು. ಜಾಸ್ಪರ್ ಮುಂದೆ ಮಾಂಟ್ರಿಯಲ್‌ಗೆ ತೆರಳಿ, ಅಪಸ್ಮಾರದ ಶಸ್ತ್ರಚಿಕಿತ್ಸೆಗೆ ಹೆಸರಾದ ವೈಲ್ಡರ್ ಪೆನ್‌ಫೀಲ್ಡ್ ಅವರ ಸಹೋದ್ಯೋಗಿಯಾದರು.

ತಲೆನೋವಿನ ಮಾತ್ರೆಯಿಂದ ಲೆಕ್ಕದ ಮಾತ್ರೆಗೆ

ಸಿಟಿ ಸ್ಕ್ಯಾನ್, ಎಂಆರ್‌ಐ ಮುಂತಾದವು ಇನ್ನೂ ಇಲ್ಲದ ಕಾಲ. ಮಿದುಳಿನ ರಚನೆಯಲ್ಲಿ ದೋಷವಿದೆಯೇ ಎಂದು ತಿಳಿಯಲು ಇದ್ದ ಒಂದು ಮಾರ್ಗ ನ್ಯೂಮೋ ಎನ್ಸೆಫಲೋಗ್ರಫಿ. 1919ರಲ್ಲಿ ವಾಲ್ಟರ್ ಡ್ಯಾಂಡಿ ರೂಪಿಸಿದ ಈ ವಿಧಾನದಲ್ಲಿ ಬೆನ್ನಿನ ಕೆಳಭಾಗಕ್ಕೆ ಸೂಜಿ ಚುಚ್ಚಿ, ಮಿದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವವನ್ನು ಹೊರತೆಗೆದು, ಅದರ ಜಾಗಕ್ಕೆ ಗಾಳಿಯನ್ನು ತುಂಬಿ ಎಕ್ಸ್-ರೇ ತೆಗೆಯುತ್ತಿದ್ದರು. ಗಾಳಿ ತುಂಬಿದ ಪೊಳ್ಳುಗಳು ಚಿತ್ರದಲ್ಲಿ ಎದ್ದು ಕಾಣುತ್ತಿದ್ದವು. ಆದರೆ ಹೊರಹೋದ ದ್ರವವು ಮತ್ತೆ ಉತ್ಪತ್ತಿಯಾಗುವವರೆಗೆ ರೋಗಿಗೆ ವಿಪರೀತ ತಲೆನೋವು ಬರುತ್ತಿತ್ತು. ವಯಸ್ಕರೇ ತಾಳಲಾರದ ಆ ನೋವನ್ನು ಮಕ್ಕಳು ಅನುಭವಿಸಬೇಕಾಗಿತ್ತು.

ಈ ನೋವನ್ನು ತಗ್ಗಿಸುವ ಉಪಾಯವನ್ನು ಬ್ರಾಡ್ಲಿ ಹುಡುಕುತ್ತಿದ್ದರು. ಮಿದುಳಿನ ದ್ರವವನ್ನು ಉತ್ಪಾದಿಸುವ ಭಾಗವನ್ನು ಚುರುಕುಗೊಳಿಸಿದರೆ ದ್ರವ ಬೇಗ ತುಂಬಿಕೊಂಡು ನೋವು ಇಳಿಯಬಹುದೆಂದು ಊಹಿಸಿದರು. ಅದೇ ಸುಮಾರಿಗೆ ಸ್ಮಿತ್, ಕ್ಲೈನ್ ಅಂಡ್ ಫ್ರೆಂಚ್ ಎಂಬ ಔಷಧ ಕಂಪನಿ ಬೆಂಜೆಡ್ರಿನ್ ಎಂಬ ಹೊಸ ಉತ್ತೇಜಕವನ್ನು ಮಾರುಕಟ್ಟೆಗೆ ತಂದಿತ್ತು. ಇದು ಆಂಫೆಟಮಿನ್ ವರ್ಗದ ರಾಸಾಯನಿಕ. ಮೊದಲು ಮೂಗು ಕಟ್ಟಿದಾಗ ಸೇದುವ ಔಷಧವಾಗಿ ಬಂದು, ಅನಂತರ ಮಾತ್ರೆಯ ರೂಪ ತಾಳಿತು. ಇದರ ಉಪಯೋಗಗಳನ್ನು ಕಂಡುಹಿಡಿಯಲೆಂದು ಕಂಪನಿಯು ವೈದ್ಯರಿಗೆ ಮಾತ್ರೆಗಳನ್ನು ಒದಗಿಸುತ್ತಿತ್ತು. ಬ್ರಾಡ್ಲಿ ಅದನ್ನು ತಲೆನೋವಿನ ಮಕ್ಕಳಿಗೆ ಕೊಟ್ಟು ನೋಡಿದರು.

ತಲೆನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಆದರೆ ಶಾಲೆಯ ಶಿಕ್ಷಕರು ಬೇರೊಂದು ಸುದ್ದಿ ತಂದರು. ಮಾತ್ರೆ ನುಂಗಿದ ಕೆಲವು ಮಕ್ಕಳು ಪಾಠದಲ್ಲಿ ಆಸಕ್ತಿ ತೋರುತ್ತಿದ್ದರು; ಕೊಟ್ಟ ಕೆಲಸವನ್ನು ಹಿಡಿದು ಮುಗಿಸುತ್ತಿದ್ದರು. ಇದನ್ನು ಕಾಕತಾಳೀಯವೆಂದು ತಳ್ಳಿಹಾಕುವುದು ಸುಲಭವಾಗಿತ್ತು. ಬ್ರಾಡ್ಲಿ ಹಾಗೆ ಮಾಡದೆ ಶಿಕ್ಷಕರ ಮಾತನ್ನು ಪರೀಕ್ಷೆಗೆ ಒಡ್ಡಲು ನಿಶ್ಚಯಿಸಿದರು. ಈ ಸಂಶೋಧನೆಯಲ್ಲಿ ಶಿಕ್ಷಕರ ಪಾಲು ಎಷ್ಟೆಂಬುದು ಬ್ರಾಡ್ಲಿಯವರ ಕುರಿತ ಬರಹಗಳಲ್ಲಿ ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ; ಅವರ ಹೆಸರುಗಳು ಎಲ್ಲಿಯೂ ಪ್ರಸಿದ್ಧವಾಗಲಿಲ್ಲ.

1937ರ ಅಧ್ಯಯನ

ಪ್ರಯೋಗಕ್ಕೆ 30 ಮಕ್ಕಳನ್ನು ಆರಿಸಲಾಯಿತು. ಇವರಲ್ಲಿ 21 ಬಾಲಕರು, 9 ಬಾಲಕಿಯರು. ವಯಸ್ಸು 5ರಿಂದ 14 ವರ್ಷ. ಎಲ್ಲರ ಬುದ್ಧಿಶಕ್ತಿಯೂ ಸಾಮಾನ್ಯ ಮಟ್ಟದಲ್ಲಿತ್ತು, ಆದರೆ ವರ್ತನೆಯ ತೊಂದರೆಗಳು ನಾನಾ ಬಗೆಯವು. ಮೊದಲ ವಾರ ಔಷಧವಿಲ್ಲದೆ ಮಕ್ಕಳನ್ನು ಗಮನಿಸಲಾಯಿತು. ಎರಡನೆಯ ವಾರ ದಿನಕ್ಕೊಮ್ಮೆ ಬೆಳಿಗ್ಗೆ ಬೆಂಜೆಡ್ರಿನ್ ನೀಡಲಾಯಿತು; ಬಹುತೇಕ ಮಕ್ಕಳಿಗೆ ನೀಡಿದ ಪ್ರಮಾಣ 20 ಮಿಲಿಗ್ರಾಂ. ಮೂರನೆಯ ವಾರ ಔಷಧ ನಿಲ್ಲಿಸಿ ಮತ್ತೆ ಗಮನಿಸಲಾಯಿತು. ಹೀಗೆ ಪ್ರತಿ ಮಗುವನ್ನೂ ಅದೇ ಮಗುವಿನ ಹಿಂದಿನ ಮತ್ತು ಮುಂದಿನ ದಿನಗಳೊಡನೆ ಹೋಲಿಸಲು ಸಾಧ್ಯವಾಯಿತು.

ಮೂವತ್ತರಲ್ಲಿ 14 ಮಕ್ಕಳ ಶಾಲಾ ಕೆಲಸದಲ್ಲಿ ಎದ್ದು ಕಾಣುವ ಸುಧಾರಣೆ ಕಂಡುಬಂತು. ಔಷಧ ಕೊಟ್ಟ ಮೊದಲ ದಿನವೇ ಬದಲಾವಣೆ ಕಾಣಿಸಿಕೊಂಡು, ನಿಲ್ಲಿಸಿದ ದಿನವೇ ಮಾಯವಾಯಿತು. ಲೆಕ್ಕ ಮಾಡುವ ವೇಗ ಮತ್ತು ಮಾಡಲೇಬೇಕೆಂಬ ಹುರುಪು ಹೆಚ್ಚಿದುದರಿಂದ ಮಕ್ಕಳೇ ಇದಕ್ಕೆ ಲೆಕ್ಕದ ಮಾತ್ರೆ ಎಂದು ಹೆಸರಿಟ್ಟರು. 15 ಮಕ್ಕಳಲ್ಲಿ ಭಾವನೆಗಳ ಏರಿಳಿತ ತಗ್ಗಿ ನಡವಳಿಕೆ ಶಾಂತವಾಯಿತು. ಎಲ್ಲರಿಗೂ ಒಂದೇ ಪರಿಣಾಮವಾಗಲಿಲ್ಲ, ಕೆಲವರಿಗೆ ಉಪಯೋಗವೇ ಆಗಲಿಲ್ಲ. ಬ್ರಾಡ್ಲಿ ಇದನ್ನೂ ಮುಚ್ಚಿಡದೆ ದಾಖಲಿಸಿದರು. ವರದಿಯು ಅಮೆರಿಕನ್ ಜರ್ನಲ್ ಆಫ್ ಸೈಕಿಯಾಟ್ರಿ ಪತ್ರಿಕೆಯ ನವೆಂಬರ್ 1937ರ ಸಂಚಿಕೆಯಲ್ಲಿ ಪ್ರಕಟವಾಯಿತು.

ಬ್ರಾಡ್ಲಿಯವರನ್ನೇ ಬೆರಗುಗೊಳಿಸಿದ ಸಂಗತಿಯೊಂದಿತ್ತು. ಉತ್ತೇಜಕ ಔಷಧವೆಂದರೆ ಚಟುವಟಿಕೆಯನ್ನು ಹೆಚ್ಚಿಸಬೇಕು. ಇಲ್ಲಿ ಮೊದಲೇ ಕುಣಿದಾಡುತ್ತಿದ್ದ ಮಕ್ಕಳು ತಣ್ಣಗಾದರು. ಮಿದುಳಿನ ಮೇಲ್‌ಸ್ತರದ ಕೇಂದ್ರಗಳ ಕೆಲಸಗಳಲ್ಲಿ ಕೆಳಗಿನ ಭಾಗಗಳಿಗೆ ಕಡಿವಾಣ ಹಾಕುವುದೂ ಒಂದು. ಆ ಕಡಿವಾಣದ ಕೇಂದ್ರವನ್ನೇ ಔಷಧವು ಚುರುಕುಗೊಳಿಸುತ್ತಿರಬಹುದು ಎಂದು ಅವರು ವಿವರಿಸಿದರು. ಮಿದುಳಿನ ರಾಸಾಯನಿಕಗಳ ಬಗ್ಗೆ ಇಂದಿನ ತಿಳಿವಳಿಕೆ ಇರದ ದಿನಗಳಲ್ಲಿ ಮಾಡಿದ ಈ ಊಹೆ ಬಹುಮಟ್ಟಿಗೆ ಸರಿಯಾದ ದಿಕ್ಕಿನಲ್ಲಿಯೇ ಇತ್ತು. ಮಿದುಳಿನ ಮುಂಭಾಗದಲ್ಲಿ ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ಸಂದೇಶವಾಹಕಗಳ ಲಭ್ಯತೆಯನ್ನು ಇಂಥ ಔಷಧಗಳು ಹೆಚ್ಚಿಸುತ್ತವೆಂದು ಈಗ ತಿಳಿದಿದೆ. ಗಮನ, ತಾಳ್ಮೆ, ಮುಂದಾಲೋಚನೆಗಳಿಗೆ ಆಧಾರವಾದ ಭಾಗವದು.

ಆದರೆ ವಿರೋಧಾಭಾಸವೆಂಬ ಮಾತು ಪೂರ್ತಿ ಸರಿಯಲ್ಲ. 1978ರಲ್ಲಿ ಜೂಡಿತ್ ರಾಪೊಪೋರ್ಟ್ ಮತ್ತು ಸಂಗಡಿಗರು ಯಾವ ತೊಂದರೆಯೂ ಇಲ್ಲದ ಬಾಲಕರಿಗೆ ಡೆಕ್ಸ್ಟ್ರೋಆಂಫೆಟಮಿನ್ ನೀಡಿ ನೋಡಿದಾಗ ಅವರಲ್ಲಿಯೂ ಗಮನ ಹೆಚ್ಚಿ, ಓಡಾಟ ಕಡಿಮೆಯಾಯಿತು. ಹಾಗಾಗಿ ಮಾತ್ರೆ ಕೊಟ್ಟಾಗ ಮಗು ಶಾಂತವಾಯಿತೆಂಬುದೇ ಅದಕ್ಕೆ ಎಡಿಎಚ್‌ಡಿ ಇದೆ ಎಂಬುದಕ್ಕೆ ಸಾಕ್ಷಿಯಾಗಲಾರದು. ಈ ತಪ್ಪು ತೀರ್ಮಾನ ಇಂದಿಗೂ ಅಲ್ಲಲ್ಲಿ ಕೇಳಿಬರುತ್ತದೆ.

ಮುಂದಿನ ಬರಹಗಳು

ಮಾರ್ಗರೆಟ್ ಬೋವೆನ್ ಅವರೊಂದಿಗೆ ಬ್ರಾಡ್ಲಿ 1940 ಮತ್ತು 1941ರಲ್ಲಿ ಇನ್ನಷ್ಟು ವರದಿಗಳನ್ನು ಹೊರತಂದರು. 1941ರ ವರದಿಯಲ್ಲಿ 100 ಮಕ್ಕಳ ವಿವರವಿತ್ತು. ಅದೇ ವರ್ಷ ಬಾಲ್ಯದ ಸ್ಕಿಜೋಫ್ರೀನಿಯಾ ಕುರಿತ ಅವರ ಪುಸ್ತಕವೂ ಪ್ರಕಟವಾಯಿತು. 1950ರಲ್ಲಿ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಬೆಂಜೆಡ್ರಿನ್ ಮತ್ತು ಡೆಕ್ಸೆಡ್ರಿನ್ ಎರಡರ ಬಳಕೆಯನ್ನೂ, ಹಲವು ವರ್ಷಗಳ ಅನುಭವದ ಆಧಾರದಿಂದ ವಿವರಿಸಿದರು. ಔಷಧವು ಮಗುವಿನ ಬದುಕಿನ ಸಮಸ್ಯೆಗಳನ್ನು ತಾನಾಗಿ ಬಿಡಿಸುವುದಿಲ್ಲ, ಮನೆ ಮತ್ತು ಶಾಲೆಯ ವಾತಾವರಣದ ಕಡೆಗೂ ನೋಡಬೇಕು ಎಂಬ ಎಚ್ಚರಿಕೆ ಅವರ ಬರಹಗಳಲ್ಲಿದೆ.

ಮರೆವು ಮತ್ತು ಮರುಶೋಧ

ಇಷ್ಟಾದರೂ 1937ರ ಲೇಖನ ಬಹುಕಾಲ ಮೂಲೆಯಲ್ಲಿಯೇ ಉಳಿಯಿತು. ಎರಡನೆಯ ಮಹಾಯುದ್ಧದ ಅನಂತರ ಅಮೆರಿಕದ ಮನೋವೈದ್ಯರಲ್ಲಿ ಫ್ರಾಯ್ಡ್ ಪ್ರಣೀತ ಮನೋವಿಶ್ಲೇಷಣೆಯ ಪ್ರಭಾವ ಪ್ರಬಲವಾಗಿತ್ತು. ಮಗುವಿನ ನಡತೆ ಕೆಟ್ಟರೆ ಅದರ ಕಾರಣವನ್ನು ತಾಯಿಯಲ್ಲಿಯೋ ಕುಟುಂಬದಲ್ಲಿಯೋ ಹುಡುಕುವುದು ವಾಡಿಕೆ. ಮಾತ್ರೆಯ ಮಾತು ಆ ಚಿಂತನೆಯೊಳಗೆ ಹೊಂದಿಕೊಳ್ಳುತ್ತಿರಲಿಲ್ಲ. ಇದರಿಂದ ಎಷ್ಟೋ ತಾಯಂದಿರು ತಮ್ಮದಲ್ಲದ ತಪ್ಪಿನ ಹೊರೆಯನ್ನು ಹೊತ್ತರು.

1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನಶಾಸ್ತ್ರಜ್ಞ ಲಿಯಾಂಡ್ರೊ ಪಾನಿಜ್ಜೋನ್ ಮೀಥೈಲ್‌ಫೆನಿಡೇಟ್ ಎಂಬ ಇನ್ನೊಂದು ಉತ್ತೇಜಕವನ್ನು ತಯಾರಿಸಿದರು. ಪತ್ನಿ ಮಾರ್ಗರೀಟಳ ಮುದ್ದಿನ ಹೆಸರಾದ ರೀಟಾ ಎಂಬುದರಿಂದ ಇದಕ್ಕೆ ರಿಟಾಲಿನ್ ಎಂಬ ಹೆಸರು ಬಂತು. ಬ್ರಾಡ್ಲಿ ಹೋಮ್‌ನಲ್ಲಿ ಅವರ ಸ್ಥಾನಕ್ಕೆ ಬಂದ ಮಾರಿಸ್ ಲಾಫರ್, ಎರಿಕ್ ಡೆನ್‌ಹಾಫ್ ಅವರೊಂದಿಗೆ 1957ರಲ್ಲಿ ಈ ಮಕ್ಕಳ ಲಕ್ಷಣಗಳನ್ನು ಒಂದು ಪ್ರತ್ಯೇಕ ಸ್ಥಿತಿಯೆಂದು ಹೆಸರಿಸಿ ವಿವರಿಸಿದರು. 1963ರಲ್ಲಿ ಕೀತ್ ಕಾನರ್ಸ್ ಮತ್ತು ಲಿಯಾನ್ ಐಸೆನ್‌ಬರ್ಗ್ ಮೀಥೈಲ್‌ಫೆನಿಡೇಟ್ ಕುರಿತ ನಿಯಂತ್ರಿತ ಅಧ್ಯಯನ ಪ್ರಕಟಿಸಿದ ಮೇಲೆ ವೈದ್ಯರು ಬ್ರಾಡ್ಲಿಯವರ ಹಳೆಯ ಲೇಖನವನ್ನು ಹುಡುಕಿ ಓದತೊಡಗಿದರು. ಅಮೆರಿಕದ ಮನೋವೈದ್ಯರ ರೋಗಪಟ್ಟಿಯಲ್ಲಿ 1968ರಲ್ಲಿ ಬಾಲ್ಯದ ಅತಿಚಟುವಟಿಕೆಯಾಗಿ, 1980ರಲ್ಲಿ ಗಮನ ಕೊರತೆಯಾಗಿ ಸ್ಥಾನ ಪಡೆದ ಈ ಸ್ಥಿತಿಗೆ 1987ರಲ್ಲಿ ಈಗಿನ ಹೆಸರು ದೊರೆಯಿತು.

ಕೊನೆಯ ವರ್ಷಗಳು

1948ರಲ್ಲಿ ಬ್ರಾಡ್ಲಿ ರೋಡ್ ಐಲೆಂಡ್ ತೊರೆದು ದೇಶದ ಇನ್ನೊಂದು ತುದಿಯಲ್ಲಿರುವ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ಗೆ ತೆರಳಿದರು. ಅಲ್ಲಿಯ ವೈದ್ಯಕೀಯ ಶಾಲೆಯಲ್ಲಿ ಮಕ್ಕಳ ಮನೋವೈದ್ಯಕೀಯ ಸೇವೆಯನ್ನು ಬೆಳೆಸಿದರು, ಮುಂದೆ ಖಾಸಗಿಯಾಗಿಯೂ ರೋಗಿಗಳನ್ನು ನೋಡಿದರು. 1979ರಲ್ಲಿ ನಿಧನರಾದರು. ತಮ್ಮ ಹೆಸರು ಪಠ್ಯಪುಸ್ತಕಗಳಿಗೆ ಸೇರುವುದನ್ನು ಕಾಣುವಷ್ಟು ಕಾಲ ಅವರು ಬದುಕಿದ್ದರು.

ಆಕ್ಷೇಪಗಳು

ಇಂದಿನ ಅಳತೆಗೋಲಿನಿಂದ ನೋಡಿದರೆ 1937ರ ಅಧ್ಯಯನದಲ್ಲಿ ಕೊರತೆಗಳಿವೆ. ಔಷಧವಿಲ್ಲದ ಹುಸಿಮಾತ್ರೆ ಪಡೆದ ಹೋಲಿಕೆಯ ಗುಂಪು ಇರಲಿಲ್ಲ. ಗಮನಿಸುವವರಿಗೆ ಯಾವ ವಾರ ಔಷಧ ನೀಡಲಾಗಿದೆಯೆಂದು ತಿಳಿದಿತ್ತು. ಔಷಧ ನೀಡಿದ್ದು ಒಂದೇ ವಾರ. ಅಷ್ಟು ನೋವು ಕೊಡುವ ತಪಾಸಣೆಗೆ ಮಕ್ಕಳನ್ನು ಒಳಪಡಿಸಿದ್ದೇ ಸರಿಯೇ ಎಂಬ ಪ್ರಶ್ನೆಯೂ ಉಳಿದಿದೆ. ಆ ತಪಾಸಣೆ ಅಂದು ಎಲ್ಲೆಡೆ ಬಳಕೆಯಲ್ಲಿತ್ತು ಎಂಬುದು ಸತ್ಯ, ಆದರೆ ಅದು ಪೂರ್ಣ ಸಮಾಧಾನವಲ್ಲ. ಔಷಧ ಕಂಪನಿಯ ಆಸಕ್ತಿಯೂ ಹಿನ್ನೆಲೆಯಲ್ಲಿತ್ತು. ಆಂಫೆಟಮಿನ್ ವ್ಯಸನಕ್ಕೆ ದಾರಿಯಾಗಬಲ್ಲದೆಂಬುದು ಮುಂದಿನ ದಶಕಗಳಲ್ಲಿ ಸ್ಪಷ್ಟವಾಗಿ, ಅದರ ಮಾರಾಟಕ್ಕೆ ಬಿಗಿಯಾದ ನಿರ್ಬಂಧಗಳು ಬಂದವು. ಹಸಿವು ಕುಂದುವುದು, ನಿದ್ರೆ ದೂರವಾಗುವುದು ಈ ವರ್ಗದ ಔಷಧಗಳ ಸಾಮಾನ್ಯ ಅಡ್ಡಪರಿಣಾಮಗಳು. ಆದ್ದರಿಂದಲೇ ಮಗುವಿನ ತೂಕ, ಎತ್ತರ, ರಕ್ತದೊತ್ತಡಗಳನ್ನು ಆಗಾಗ್ಗೆ ಪರೀಕ್ಷಿಸಬೇಕಾಗುತ್ತದೆ.

ದೊಡ್ಡ ಪ್ರಮಾಣದ ಪರೀಕ್ಷೆ ನಡೆದುದು ಬ್ರಾಡ್ಲಿ ಕಾಲವಾದ ಮೇಲೆ. 579 ಮಕ್ಕಳನ್ನೊಳಗೊಂಡು 14 ತಿಂಗಳು ನಡೆದ ಅಮೆರಿಕದ ಬಹುಕೇಂದ್ರ ಅಧ್ಯಯನದ ಫಲಿತಾಂಶ 1999ರಲ್ಲಿ ಹೊರಬಂತು. ಮುಖ್ಯ ಲಕ್ಷಣಗಳನ್ನು ತಗ್ಗಿಸುವಲ್ಲಿ ಎಚ್ಚರಿಕೆಯಿಂದ ನಿರ್ವಹಿಸಿದ ಔಷಧ ಚಿಕಿತ್ಸೆಯು ಕೇವಲ ವರ್ತನಾ ಚಿಕಿತ್ಸೆಗಿಂತ ಮೇಲೆಂದು ಕಂಡುಬಂತು. ಆದರೆ ಮೂರು ವರ್ಷಗಳ ಹೊತ್ತಿಗೆ ಗುಂಪುಗಳ ನಡುವಿನ ಆ ಅಂತರ ಅಳಿಸಿಹೋಗಿತ್ತು. ಔಷಧವು ಗುಣಪಡಿಸುವುದಿಲ್ಲ, ಇರುವಷ್ಟು ಹೊತ್ತು ಆಸರೆಯಾಗುತ್ತದೆ ಎಂಬ ಅಂಶ ಬ್ರಾಡ್ಲಿಯವರ ಮೂರನೆಯ ವಾರದ ದಾಖಲೆಯಲ್ಲಿಯೇ ಇತ್ತು.

ಕರ್ನಾಟಕದಲ್ಲಿ

ಬ್ರಾಡ್ಲಿ ತಮ್ಮ ಅಧ್ಯಯನ ನಡೆಸುತ್ತಿದ್ದ ಕಾಲದಲ್ಲಿ ಮೈಸೂರು ಸಂಸ್ಥಾನದ ಸರ್ಕಾರಿ ಮಾನಸಿಕ ಆಸ್ಪತ್ರೆಯು ಬೆಂಗಳೂರಿನ ಹೊಸೂರು ರಸ್ತೆಯ ಹೊಸ ಆವರಣಕ್ಕೆ ನೆಲೆ ಬದಲಿಸುತ್ತಿತ್ತು. ಅಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಗಿ, ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರಾದರು. ಆಸ್ಪತ್ರೆ ಮತ್ತು ಸಂಸ್ಥೆ 1974ರಲ್ಲಿ ಒಂದುಗೂಡಿ ನಿಮ್ಹಾನ್ಸ್ ಆಯಿತು. ಅದರ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗದಲ್ಲಿ ಎಡಿಎಚ್‌ಡಿಗೆ ಚಿಕಿತ್ಸೆ ದೊರೆಯುತ್ತದೆ. ಬ್ರಾಡ್ಲಿ ಬಳಸಿದ ಆಂಫೆಟಮಿನ್ ಭಾರತದಲ್ಲಿ ಈ ಚಿಕಿತ್ಸೆಗೆ ಬಳಕೆಯಲ್ಲಿಲ್ಲ. ಮೀಥೈಲ್‌ಫೆನಿಡೇಟ್ ಮತ್ತು ಉತ್ತೇಜಕವಲ್ಲದ ಅಟೊಮಾಕ್ಸಿಟಿನ್ ಬಳಕೆಯಲ್ಲಿವೆ. ಇವನ್ನು ವೈದ್ಯರ ಚೀಟಿಯಿಲ್ಲದೆ ಕೊಡುವಂತಿಲ್ಲ. ತೀರಾ ಎಳೆಯ ಮಕ್ಕಳಿಗೆ ಔಷಧಕ್ಕಿಂತ ಮೊದಲು ತಂದೆತಾಯಿಗಳಿಗೆ ತರಬೇತಿ ನೀಡುವ ಕ್ರಮವಿದೆ.

ಮಗು ತುಂಟ, ಸೋಮಾರಿ, ಮಾತು ಕೇಳದವನು ಎಂದು ಹಣೆಪಟ್ಟಿ ಹಚ್ಚಿಸಿಕೊಂಡು ಕೊನೆಯ ಬೆಂಚಿನಲ್ಲಿ ಉಳಿದುಬಿಡುವುದು ಹಳ್ಳಿಯ ಶಾಲೆಗಳಲ್ಲಿ ಅಪರೂಪವಲ್ಲ. ಓಡಾಟವಿಲ್ಲದೆ ಕೇವಲ ಗಮನ ಚದುರುವ ಮಕ್ಕಳು, ಅದರಲ್ಲಿಯೂ ಹೆಣ್ಣುಮಕ್ಕಳು, ಯಾರ ಕಣ್ಣಿಗೂ ಬೀಳದೆ ಹೋಗುವುದು ಇನ್ನೂ ಹೆಚ್ಚು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆ ತಾಲ್ಲೂಕು ಮಟ್ಟದ ಸಂಚಾರಿ ತಂಡಗಳಿವೆ. ತಪಾಸಣೆಯ ಪಟ್ಟಿಯಲ್ಲಿ ಕಲಿಕೆಯ ತೊಂದರೆಯೊಂದಿಗೆ ಎಡಿಎಚ್‌ಡಿಯೂ ಸೇರಿದೆ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆಯಂಥ ತಾಲ್ಲೂಕುಗಳಲ್ಲಿ ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬರುವ ಇಂಥ ತಂಡಕ್ಕೆ ಒಂದು ಮಗುವಿನೊಡನೆ ಕಳೆಯಲು ಸಿಗುವುದು ಕೆಲವೇ ನಿಮಿಷ. ಈ ತೊಂದರೆಗೆ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಲಕ್ಷಣಗಳು ಮನೆ ಮತ್ತು ಶಾಲೆ ಎರಡೂ ಕಡೆ ಕನಿಷ್ಠ ಆರು ತಿಂಗಳು ಕಂಡಿರಬೇಕೆಂಬುದು ನಿಯಮ. ಆದ್ದರಿಂದ ತರಗತಿಯ ಶಿಕ್ಷಕರು ಬರೆದುಕೊಡುವ ವಿವರವೇ ವೈದ್ಯರಿಗೆ ಮುಖ್ಯ ಆಧಾರವಾಗುತ್ತದೆ. ಮಾತು ಮತ್ತು ಭಾಷೆಯ ತೊಂದರೆಯೂ ಜೊತೆಗಿರುವ ಮಕ್ಕಳಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ತಪಾಸಣೆ ಹಾಗೂ ಚಿಕಿತ್ಸೆಯ ಸೌಲಭ್ಯವಿದೆ.